ಕನಸಿನ ಕಾರು, ದಿನದ ಕಾರು: ಯಾವುದನ್ನು ಹೇಗೆ ತೂಗಿ ನೋಡಬೇಕು

ಷೋರೂಮಿಗೆ ಹೋದವರಲ್ಲಿ ಬಹಳ ಜನ ಮೊದಲು ಬಾಗಿಲು ತೆಗೆದು ಹಾಕಿ ನೋಡುತ್ತಾರೆ. 'ಧಪ್' ಎಂದು ತುಂಬಿದ ಸದ್ದು ಬಂದರೆ ಗಾಡಿ ಗಟ್ಟಿ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಆ ಸದ್ದು ತಾನಾಗಿ ಬಂದದ್ದಲ್ಲ, ಎಂಜಿನಿಯರುಗಳು ಕೂತು ಹದ ಮಾಡಿದ್ದು. ಬಾಗಿಲಿನ ತಗಡಿನ ಒಳಮೈಗೆ ಅದುರು ಹೀರುವ ಹಾಳೆ ಅಂಟಿಸಿರುತ್ತಾರೆ, ಅಂಚಿಗೆ ಒಂದೋ ಎರಡೋ ಸುತ್ತು ರಬ್ಬರ್ ಕೂರಿಸಿರುತ್ತಾರೆ, ಲಾಕಿನ ಕೊಂಡಿ ಲೋಹಕ್ಕೆ ಲೋಹ ಬಡಿಯದಂತೆ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದಾಗ ಕಾಪಾಡುವುದು ಬಾಗಿಲೊಳಗೆ ಅಡ್ಡಲಾಗಿ ಹಾದ ಉಕ್ಕಿನ ತೊಲೆ, ಎರಡು ಬಾಗಿಲುಗಳ ನಡುವಿನ ಕಂಬ ಮತ್ತು ಪಕ್ಕದ ಏರ್‌ಬ್ಯಾಗ್. ಬಾಗಿಲ ಸದ್ದು ಕೇಳಿ ಇವುಗಳ ಗಟ್ಟಿತನ ಹೇಳಲು ಬರುವುದಿಲ್ಲ.

ಕಾರು ಕೊಳ್ಳುವಾಗ ಕಣ್ಣು ಕಿವಿ ಮೊದಲು ಒಪ್ಪುತ್ತವೆ, ಬುದ್ಧಿ ಆಮೇಲೆ ಕಾರಣ ಹುಡುಕುತ್ತದೆ. ತಯಾರಕರಿಗೆ ಇದು ನೂರು ವರ್ಷದಿಂದ ಗೊತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ, 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಕೆಲಸಕ್ಕೆ ಅಷ್ಟು ಸಾಕು ಎನ್ನುವುದು ಫೋರ್ಡ್ ನಂಬಿಕೆ. ಜನರಲ್ ಮೋಟಾರ್ಸ್‌ನ ಆಲ್‌ಫ್ರೆಡ್ ಸ್ಲೋನ್ ಬೇರೆ ದಾರಿ ಹಿಡಿದರು. ಅಗ್ಗದ ಷೆವರ್ಲೆಯಿಂದ ದುಬಾರಿ ಕ್ಯಾಡಿಲಾಕ್‌ವರೆಗೆ ಮೆಟ್ಟಿಲು ಕಟ್ಟಿ, ಕೊಂಡವರ ಕಣ್ಣು ಸದಾ ಮುಂದಿನ ಮೆಟ್ಟಿಲ ಮೇಲೆ ಇರುವಂತೆ ಮಾಡಿದರು. 1927ರಲ್ಲಿ ಹಾರ್ಲಿ ಅರ್ಲ್ ಕೈಕೆಳಗೆ ಬಣ್ಣ ಮತ್ತು ವಿನ್ಯಾಸಕ್ಕೇ ಒಂದು ವಿಭಾಗ ತೆರೆದರು. ಮಾಡೆಲ್ ಟಿ ತಯಾರಿಕೆ ನಿಂತದ್ದೂ ಅದೇ ವರ್ಷ.

ಆಸೆಪಟ್ಟು ಕಾರು ಕೊಳ್ಳುವುದು ತಪ್ಪಲ್ಲ. ಹತ್ತು ವರ್ಷ ದಿನಾ ಕಣ್ಣೆದುರು ನಿಲ್ಲುವ ವಸ್ತು ಮನಸ್ಸಿಗೆ ಹಿಡಿಸಲೇಬೇಕು. ಆಸೆಗೆ ಅಗತ್ಯದ ವೇಷ ಹಾಕಿದಾಗ ಮಾತ್ರ ತೊಂದರೆ. 'ಎತ್ತರದ ಗಾಡಿ ನನಗಿಷ್ಟ' ಎಂದು ಒಪ್ಪಿಕೊಳ್ಳುವ ಬದಲು 'ರಸ್ತೆ ಸರಿಯಿಲ್ಲ, ನಾಲ್ಕೂ ಚಕ್ರಕ್ಕೆ ಡ್ರೈವ್ ಬೇಕೇಬೇಕು' ಎಂದುಕೊಂಡವರು, ಎಂದೂ ಬಳಸದ ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರು), ಅದರ ಆಯಿಲ್, ಅದರ ತೂಕ ಎಲ್ಲವನ್ನೂ ಗಾಡಿ ಇರುವಷ್ಟು ದಿನ ಸಾಕಬೇಕು. ಗುಂಡಿ ರಸ್ತೆಗೆ ಬೇಕಾದ್ದು ಗ್ರೌಂಡ್ ಕ್ಲಿಯರೆನ್ಸ್ ಮತ್ತು ಎತ್ತರದ ಗೋಡೆಯ ಟೈರು. ನಾಲ್ಕು ಚಕ್ರದ ಡ್ರೈವ್ ಉಪಯೋಗಕ್ಕೆ ಬರುವುದು ಕೆಸರು, ಹಿಮ, ಮರಳಿನಂಥ ಚಕ್ರ ಜಾರುವ ಕಡೆ, ಅದೂ ಗಾಡಿ ಮುಂದಕ್ಕೆ ಹೊರಡಿಸಲು. ಬ್ರೇಕ್ ಹಾಕಿ ನಿಲ್ಲಿಸುವಾಗ ಅದರಿಂದ ಕಿಂಚಿತ್ತೂ ನೆರವಿಲ್ಲ.

ಆದ್ದರಿಂದ ಮೊದಲು ಅಗತ್ಯ, ಆಸೆ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಎರಡು ವಾರ ಪ್ರತಿ ಓಡಾಟಕ್ಕೂ ಒಂದು ಸಾಲು: ಎಷ್ಟು ಕಿ.ಮೀ., ಗಾಡಿಯಲ್ಲಿ ಎಷ್ಟು ಜನ, ಏನು ಸಾಮಾನು, ಯಾವ ಬಗೆಯ ರಸ್ತೆ, ಎಲ್ಲಿ ನಿಲ್ಲಿಸಿದ್ದು. ಹೆಚ್ಚಿನವರ ಪಟ್ಟಿಯಲ್ಲಿ ಕಾಣುವುದು ಒಬ್ಬರೋ ಇಬ್ಬರೋ ಕೂತ ಸಣ್ಣ ಓಡಾಟಗಳೇ. ಇನ್ನೊಂದು ಹಾಳೆಯಲ್ಲಿ ವರ್ಷಕ್ಕೆ ಹತ್ತು ದಿನಕ್ಕಿಂತ ಕಡಿಮೆ ಬರುವ ಸಂದರ್ಭಗಳನ್ನು ಬರೆಯಿರಿ: ಏಳು ಜನ, ದೂರದ ಬೆಟ್ಟ, ಮನೆ ಸಾಮಾನು ಸಾಗಣೆ. ಕಾರು ಆರಿಸಬೇಕಾದ್ದು ಮೊದಲ ಹಾಳೆ ನೋಡಿ. ಎರಡನೆಯದಕ್ಕೆ ಬಾಡಿಗೆ ಗಾಡಿ ಸಾಕಾಗುತ್ತದೆಯೇ ಎಂದು ಲೆಕ್ಕ ಹಾಕಿ. ಮೂರನೆಯ ಹಾಳೆ ಆಸೆಯದು. ಬಣ್ಣ, ಆಕಾರ, ಎಂಜಿನ್ ದನಿ, ಬಾನೆಟ್ ಮೇಲಿನ ಹೆಸರು ಎಲ್ಲವನ್ನೂ ಸಂಕೋಚವಿಲ್ಲದೆ ಬರೆದು, ಅವುಗಳಲ್ಲಿ ಐದು ವರ್ಷದ ನಂತರವೂ ಬೇಕೆನಿಸುವ ಎರಡನ್ನು ಉಳಿಸಿಕೊಳ್ಳಿ.

ಮೈಕಟ್ಟು

1959ರ ಮಿನಿಯಲ್ಲಿ ಅಲೆಕ್ ಇಸಿಗೋನಿಸ್ ಎಂಜಿನನ್ನು ಅಡ್ಡ ತಿರುಗಿಸಿ ಮುಂದಿನ ಚಕ್ರಗಳಿಗೆ ಡ್ರೈವ್ ಕೊಟ್ಟರು. ಅದರಿಂದ ಉದ್ದದಲ್ಲಿ ಬಹುಪಾಲು ಜನ ಮತ್ತು ಸಾಮಾನಿಗೆ ಉಳಿಯಿತು. ಇವತ್ತಿನ ಹ್ಯಾಚ್‌ಬ್ಯಾಕ್ ನಿಂತಿರುವುದು ಇದೇ ಲೆಕ್ಕದ ಮೇಲೆ. ನಾಲ್ಕು ಮೀಟರ್ ಆಸುಪಾಸಿನ ಹ್ಯಾಚ್‌ಬ್ಯಾಕ್‌ನಲ್ಲಿ ಹಿಂದಿನ ಸೀಟು ಮಡಚಿದರೆ ವಾಷಿಂಗ್ ಮಷಿನ್ನೂ ಹೋಗಬಹುದು. ಸೆಡಾನ್‌ನ ಡಿಕ್ಕಿ ಲೀಟರ್ ಲೆಕ್ಕದಲ್ಲಿ ದೊಡ್ಡದಾಗಿದ್ದರೂ ಬಾಯಿ ಚಿಕ್ಕದು, ದೊಡ್ಡ ಪೆಟ್ಟಿಗೆ ಒಳಗೇ ಹೋಗದು. ಲೀಟರ್ ಅಂಕಿ ನೋಡುವಾಗ ಒಂದು ವಿಷಯ ತಿಳಿದಿರಲಿ: ಜರ್ಮನಿಯ ವಿಡಿಎ ವಿಧಾನದಲ್ಲಿ 200×100×50 ಮಿ.ಮೀ. ಅಳತೆಯ, ಅಂದರೆ ಸರಿಯಾಗಿ ಒಂದು ಲೀಟರಿನ ಇಟ್ಟಿಗೆಗಳನ್ನು ತುಂಬಿ ಎಣಿಸುತ್ತಾರೆ. ಮೂಲೆಮೂಲೆಗೂ ಇಟ್ಟಿಗೆ ಹೋಗುತ್ತದೆ, ಸೂಟ್‌ಕೇಸ್ ಹೋಗುವುದಿಲ್ಲ. ಕೆಲವರು ಸೀಟಿನ ಮಟ್ಟದವರೆಗೆ ಅಳೆದರೆ ಕೆಲವರು ಚಾವಣಿಯವರೆಗೂ ಅಳೆದು ಹೇಳುತ್ತಾರೆ. ಅಂಕಿ ಬಿಟ್ಟು ನಿಮ್ಮದೇ ಸೂಟ್‌ಕೇಸ್, ಮಗುವಿನ ಗಾಡಿ ಒಯ್ದು ಇಟ್ಟು ನೋಡುವುದೇ ಸರಿ.

ಎಸ್‌ಯುವಿ ಅಥವಾ ಅದರ ರೂಪದ ಕ್ರಾಸ್‌ಓವರ್ ಜನರನ್ನು ಸೆಳೆಯುವುದಕ್ಕೆ ಗತ್ತಿನಾಚೆಗೂ ಒಂದು ನಿಜವಾದ ಕಾರಣ ಇದೆ, ಅದು ಸೀಟಿನ ಎತ್ತರ. ತಗ್ಗಿನ ಸೆಡಾನಿನಲ್ಲಿ ಕೂರುವುದೆಂದರೆ ಮಂಡಿ ಮಡಚಿ ಕೆಳಗೆ ಕುಸಿಯಬೇಕು, ಏಳುವಾಗ ಮೈಭಾರವನ್ನೆಲ್ಲ ತೊಡೆ ಎತ್ತಬೇಕು. ಸೀಟು ಸೊಂಟದ ಮಟ್ಟಕ್ಕಿಂತ ತುಸು ಕೆಳಗಿದ್ದರೆ ಪಕ್ಕಕ್ಕೆ ಜರುಗಿ ಕೂತರೆ ಆಯಿತು. ಆದರೆ ಏಣಿ ಹತ್ತಿದಂತೆ ಹತ್ತಬೇಕಾದ ದೊಡ್ಡ ಎಸ್‌ಯುವಿ ಮಂಡಿನೋವಿನವರಿಗೆ ಸೆಡಾನಿಗಿಂತಲೂ ಕಷ್ಟ. ಟೇಪು ಒಯ್ಯಿರಿ. ನೆಲದಿಂದ ಸೀಟಿನ ಅಂಚಿಗೆ, ನೆಲದಿಂದ ಬಾಗಿಲ ಹೊಸ್ತಿಲಿಗೆ ಎರಡೂ ಅಳತೆ ತೆಗೆದುಕೊಳ್ಳಿ. ಮನೆಯಲ್ಲಿ ಹಿರಿಯರು ಸುಲಭವಾಗಿ ಎದ್ದು ಕೂರುವ ಕುರ್ಚಿಯ ಎತ್ತರಕ್ಕೆ ಸೀಟಿನ ಎತ್ತರ ಹೋಲಿಸಿ ನೋಡಿದರೆ ಯಾವ ಜಾಹೀರಾತೂ ಹೇಳದ ಉತ್ತರ ಸಿಗುತ್ತದೆ.

ಎತ್ತರಕ್ಕೆ ತೆರಬೇಕಾದ ಬೆಲೆಯೂ ಇದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ನಿಂದ 120ಕ್ಕೆ ಹೋದರೆ ಎರಡೂಕಾಲು ಪಟ್ಟು. ಅಗಲ ಎತ್ತರ ಹೆಚ್ಚಿದ ಗಾಡಿಗೆ ಈ ಏರಿಕೆ ಇನ್ನೂ ಹೆಚ್ಚು ಇಂಧನವಾಗಿ ತಗಲುತ್ತದೆ. ಊರೊಳಗೆ ನಿಧಾನವಾಗಿ ಓಡಿಸುವವರಿಗೆ ಗಾಳಿಗಿಂತ ತೂಕ ಲೆಕ್ಕಕ್ಕೆ ಬರುತ್ತದೆ. ಏಳು ಸೀಟಿನ ಗಾಡಿ ನೋಡುವವರು ಮೂರನೇ ಸಾಲಿನಲ್ಲಿ ತಾವೇ ಹದಿನೈದು ನಿಮಿಷ ಕೂತು ನೋಡಬೇಕು. ಮಂಡಿ ಎದೆಗೆ ತಾಗಿದರೆ ಅದು ಐದು ಸೀಟಿನ ಗಾಡಿ ಎಂದೇ ಲೆಕ್ಕ.

ಇಂಧನ

ಹೆಚ್ಚು ಜನ ಎಡವುವುದು ಇಲ್ಲಿಯೇ. ಮೈಲೇಜ್ ಅಂಕಿ ನೋಡಿ ಆರಿಸುತ್ತಾರೆ, ಓಡಾಟದ ಬಗೆ ನೋಡುವುದಿಲ್ಲ.

ಡೀಸೆಲ್ ತೆಗೆದುಕೊಳ್ಳಿ. ಹೆದ್ದಾರಿಯಲ್ಲಿ ದಿನಾ ದೂರ ಹೋಗುವವರಿಗೆ ಅದರ ಎಳೆತ, ಕಡಿಮೆ ಇಂಧನ ಎರಡೂ ಒಪ್ಪುತ್ತವೆ. ಆದರೆ ಈಗಿನ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಹಿಡಿದ ಮಸಿ ಸುಟ್ಟುಹೋಗಲು ಅಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಅದಕ್ಕೆ ಹದಿನೈದಿಪ್ಪತ್ತು ನಿಮಿಷ ತಡೆಯಿಲ್ಲದ ಓಟ ಬೇಕು. ದಿನಾ ಮೂರು ನಾಲ್ಕು ಕಿ.ಮೀ. ಓಡಿಸಿ ನಿಲ್ಲಿಸುವವರ ಗಾಡಿಯಲ್ಲಿ ಸುಡುವ ಕೆಲಸ ಶುರುವಾಗಿ ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಹೆಚ್ಚಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಕಡ್ಡಿ ಎತ್ತಿ ನೋಡಿದರೆ ಆಯಿಲ್ ಇಳಿಯುವ ಬದಲು ಏರಿರುತ್ತದೆ, ತೆಳ್ಳಗಾಗಿರುತ್ತದೆ. ಇದು ಬೇರಿಂಗ್‌ಗೂ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊಗೂ ಕೆಟ್ಟದ್ದು. ಇದರಲ್ಲಿ ಗಾಡಿಯ ದೋಷವಿಲ್ಲ, ಗಾಡಿಗೂ ಓಡಾಟಕ್ಕೂ ಹೊಂದಿಲ್ಲ ಅಷ್ಟೇ. ವಾರಕ್ಕೊಮ್ಮೆಯೂ ಉದ್ದ ಓಟ ಇಲ್ಲದವರಿಗೆ ಡೀಸೆಲ್ ಬೇಡ.

ಪೆಟ್ರೋಲ್ ಇಷ್ಟು ಹಠಮಾರಿಯಲ್ಲ. ಸಿಲಿಂಡರಿಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಗಾಳಿ ಒಳಬರುವ ವಾಲ್ವ್‌ಗಳ ಬೆನ್ನನ್ನು ಇಂಧನ ತೊಳೆಯುವುದಿಲ್ಲ, ವರ್ಷಗಳಲ್ಲಿ ಅಲ್ಲಿ ಕರಿ ಕಟ್ಟುತ್ತದೆ. ತಣ್ಣಗೆ ಶುರು ಮಾಡಿದಾಗ ಎಂಜಿನ್ ನಡುಗುವುದು, ಎಳೆತ ಕುಗ್ಗುವುದು ಇದರ ಗುರುತು. ಹಳೆಯ ಪದ್ಧತಿಯಲ್ಲಿ ವಾಲ್ವಿನ ಮುಂದೆಯೇ ಇಂಧನ ಬೀಳುವುದರಿಂದ ಈ ಕಾಟವಿಲ್ಲ. ಪುಟ್ಟ ಟರ್ಬೊ ಎಂಜಿನ್ ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ, ಓಡಿಸಲು ಖುಷಿ. ಆದರೆ ಕಾಲು ಭಾರವಾದರೆ ಮೈಲೇಜ್ ತಟಕ್ಕನೆ ಬೀಳುತ್ತದೆ, ಆಯಿಲ್ ಬದಲಿಸುವುದನ್ನು ಮುಂದೂಡಿದರೆ ಮೊದಲ ಪೆಟ್ಟು ಟರ್ಬೊಗೇ. ಸರ್ವಿಸ್ ತಾರೀಖು ಮರೆಯುವ ಸ್ವಭಾವದವರಿಗೆ ಟರ್ಬೊ ಇಲ್ಲದ ಸಾದಾ ಎಂಜಿನ್ನೇ ನೆಮ್ಮದಿ. ಗ್ಯಾಸ್ ಗಾಡಿಯಾದರೆ ಸಿಲಿಂಡರ್ ಇಟ್ಟ ಮೇಲೆ ಡಿಕ್ಕಿಯಲ್ಲಿ ಎಷ್ಟು ಉಳಿಯಿತು ಎಂದು ತೆರೆದು ನೋಡಿಯೇ ಮಾತಾಡಿ.

ಹೈಬ್ರಿಡ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. 1997ರಲ್ಲಿ ಜಪಾನಿನಲ್ಲಿ ಬಂದ ಟೊಯೊಟಾ ಪ್ರಿಯಸ್‌ನಂಥ ಪೂರ್ಣ ಹೈಬ್ರಿಡ್ ಸ್ವಲ್ಪ ದೂರ ಮೋಟಾರಿನಿಂದಲೇ ಓಡಬಲ್ಲದು, ಬ್ರೇಕ್ ಹಾಕಿದಾಗಿನ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ನಿಂತು ಹೊರಡುವ ಊರ ಟ್ರಾಫಿಕ್ಕಿನಲ್ಲಿ ಅದರ ಉಳಿತಾಯ ದೊಡ್ಡದು. ಬ್ರೇಕ್ ಬಳಕೆಯೇ ಇಲ್ಲದ ಹೆದ್ದಾರಿಯಲ್ಲಿ ವ್ಯತ್ಯಾಸ ಕಡಿಮೆ. ಮೈಲ್ಡ್ ಹೈಬ್ರಿಡ್ ಎನ್ನುವುದು ಎಂಜಿನ್ನಿಗೆ ಸಣ್ಣ ಕೈಯಾಸರೆ ಮಾತ್ರ, ಅದರಿಂದ ಅಂಥ ಉಳಿತಾಯ ನಿರೀಕ್ಷಿಸಬಾರದು. ಪ್ಲಗ್-ಇನ್ ಹೈಬ್ರಿಡ್ ದಿನಾ ರಾತ್ರಿ ಚಾರ್ಜ್ ಮಾಡುವವರಿಗೆ ಚೆನ್ನ. ಚಾರ್ಜ್ ಮಾಡದಿದ್ದರೆ ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಗಾಡಿ.

ಎಲೆಕ್ಟ್ರಿಕ್ ಕಾರಿನ ವಿಷಯ ಬಂದರೆ ಎಲ್ಲರೂ ಕೇಳುವುದು 'ಒಂದು ಚಾರ್ಜಿಗೆ ಎಷ್ಟು ದೂರ?' ಅದಕ್ಕೂ ಮೊದಲು ಕೇಳಬೇಕಾದ್ದು ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು. ನಿಲ್ಲುವ ಜಾಗದಲ್ಲಿ ಪ್ಲಗ್ ಇದ್ದರೆ, ಸಾಧಾರಣ ಸಾಕೆಟ್ಟಿನ ಸುಮಾರು 2.3 ಕಿಲೋವ್ಯಾಟ್‌ನಲ್ಲಿ ಹತ್ತು ಗಂಟೆಗೆ 23 ಯೂನಿಟ್ ಹರಿಯುತ್ತದೆ. ನಷ್ಟ ಕಳೆದು 20 ಯೂನಿಟ್ ಬ್ಯಾಟರಿ ಸೇರಿತು ಎನ್ನಿ. 100 ಕಿ.ಮೀ.ಗೆ 15 ಯೂನಿಟ್ ತಿನ್ನುವ ಗಾಡಿಗೆ ಅದು 130 ಕಿ.ಮೀ. ಎರಡು ವಾರದ ಹಾಳೆಯಲ್ಲಿ ಇದಕ್ಕಿಂತ ಹೆಚ್ಚಿನ ದಿನ ಎಷ್ಟಿವೆ ಎಂದು ಎಣಿಸಿ. ಮನೆ ಅಥವಾ ಕೆಲಸದ ಕಡೆ ಚಾರ್ಜಿಂಗ್ ಇಲ್ಲದೆ ಬರೀ ದಾರಿಬದಿಯ ಫಾಸ್ಟ್ ಚಾರ್ಜರ್ ನಂಬುವವರು ಇನ್ನೊಮ್ಮೆ ಯೋಚಿಸಬೇಕು. ಅಲ್ಲಿ ಕಾಯುವುದಿದೆ, 80 ಪ್ರತಿಶತ ದಾಟಿದ ಮೇಲೆ ಚಾರ್ಜಿಂಗ್ ವೇಗವೂ ತಗ್ಗುತ್ತದೆ. ಹಾಗಾಗಿ ದೂರ ಪ್ರಯಾಣದ ಲೆಕ್ಕವನ್ನು 10ರಿಂದ 80 ಪ್ರತಿಶತದ ನಡುವಿನ ಚಾರ್ಜಿನ ಮೇಲೆ ಹಾಕಬೇಕು. ಕಂಪನಿ ಹೇಳಿದ ದೂರದ ಮೂರನೇ ಎರಡು ಭಾಗ ಹಿಡಿದರೆ ಹೆದ್ದಾರಿ ವೇಗ, ಚಳಿ, ಹೀಟರ್ ಸೇರಿಯೂ ಹೆಚ್ಚಾಗಿ ಲೆಕ್ಕ ತಪ್ಪುವುದಿಲ್ಲ.

ಬ್ಯಾಟರಿಯ ಜಾತಿಯನ್ನೂ ಕೇಳಿ. ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣ ಫಾಸ್ಫೇಟ್) ಆದರೆ ತೂಕ ಹೆಚ್ಚು, ಚಳಿಯಲ್ಲಿ ಚಾರ್ಜ್ ನಿಧಾನ, ಆದರೆ ಬಾಳಿಕೆ ಉದ್ದ, ಪೂರ್ತಿ ತುಂಬಿಸುವುದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸಿದ್ದು) ಅಷ್ಟೇ ತೂಕದಲ್ಲಿ ಹೆಚ್ಚು ದೂರ ಕೊಡುತ್ತದೆ, ಆದರೆ ದಿನಬಳಕೆಗೆ 80 ಪ್ರತಿಶತಕ್ಕೆ ನಿಲ್ಲಿಸಿದರೆ ಒಳ್ಳೆಯದು. ಎಲೆಕ್ಟ್ರಿಕ್ ಗಾಡಿಯ ಟೈರು ಬೇಗ ಸವೆಯುತ್ತದೆ, ತೂಕ ಮತ್ತು ತಕ್ಷಣದ ಎಳೆತ ಅದಕ್ಕೆ ಕಾರಣ. ಬ್ರೇಕ್ ಪ್ಯಾಡ್ ಬಹಳ ದಿನ ಬರುತ್ತದೆ, ಬಳಕೆ ಕಡಿಮೆಯಾಗಿ ಡಿಸ್ಕ್ ತುಕ್ಕು ಹಿಡಿಯುವುದೂ ಉಂಟು.

ಗೇರು

ಮ್ಯಾನುಯಲ್ ಬೇಡ ಎಂದು ತೀರ್ಮಾನಿಸಿದವರು 'ಆಟೊಮ್ಯಾಟಿಕ್ ಇದೆಯಾ' ಎಂದಷ್ಟೇ ಕೇಳಿ ಸುಮ್ಮನಾಗಬಾರದು. ಎಎಂಟಿ ಎಂದರೆ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ತುಳಿಯುವ, ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಅಗ್ಗ, ಮೈಲೇಜ್ ಚೆನ್ನ, ಗೇರು ಬದಲಾಗುವಾಗ ತಲೆ ಮುಂದಕ್ಕೆ ತೂಗುತ್ತದೆ. ಸಿವಿಟಿಯಲ್ಲಿ ಗೇರಿನ ಹಲ್ಲುಗಳ ಬದಲು ಎರಡು ರಾಟೆಗಳ ನಡುವೆ ಲೋಹದ ಬೆಲ್ಟು ಓಡುತ್ತದೆ. ಊರೊಳಗೆ ಬೆಣ್ಣೆಯಂತೆ ನಯ. ಜೋರಾಗಿ ತುಳಿದರೆ ಎಂಜಿನ್ ಕೂಗುತ್ತದೆ, ವೇಗ ನಿಧಾನವಾಗಿ ಹಿಂಬಾಲಿಸುತ್ತದೆ. ಎರಡು ಕ್ಲಚ್ಚಿನ ಡಿಸಿಟಿ ಹೆದ್ದಾರಿಯಲ್ಲಿ ಚುರುಕು. ಅದರಲ್ಲೂ ಒಣ ಕ್ಲಚ್ಚಿನದು ಗೇಣು ಗೇಣೇ ಮುಂದೆ ಸರಿಯುವ ಟ್ರಾಫಿಕ್ಕಿನಲ್ಲಿ, ಏರಿನಲ್ಲಿ ತೆವಳುವಾಗ ಬಿಸಿಯೇರುತ್ತದೆ. ಅರ್ಧ ಹಿಡಿದು ಅರ್ಧ ಬಿಟ್ಟ ಕ್ಲಚ್ಚನ್ನು ತಣಿಸಲು ಅಲ್ಲಿ ಆಯಿಲ್ ಇಲ್ಲ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ದ್ರವವೇ ಕೊಂಡಿ, ಹಾಗಾಗಿ ತೆವಳುವುದು ಅದಕ್ಕೆ ಸಲೀಸು. ದಿನಾ ಒಂದು ಗಂಟೆ ಜಾಮಿನಲ್ಲಿ ಕಳೆಯುವವರಿಗೆ ನಮ್ಮ ಆಯ್ಕೆ ಟಾರ್ಕ್ ಕನ್ವರ್ಟರ್, ನಂತರ ಸಿವಿಟಿ. ಯಾವುದೇ ಇರಲಿ, 'ಜೀವಮಾನವಿಡೀ ಆಯಿಲ್ ಬದಲಿಸಬೇಕಿಲ್ಲ' ಎಂಬ ಮಾತನ್ನು ನಂಬಿ ಕೂರಬೇಡಿ. ಜೀವಮಾನ ಎಂದರೆ ಎಷ್ಟು ಕಿ.ಮೀ. ಎಂದು ಕೇಳಿ.

ಮೇಲಿನ ವೇರಿಯಂಟ್

ಆಸೆ ಹೆಚ್ಚು ಕೆಲಸ ಮಾಡುವುದು ಅಲಾಯ್ ಚಕ್ರದ ಮೇಲೆ. ಒಂದೇ ಕಾರಿಗೆ 205/55 ಆರ್16 ಮತ್ತು 225/40 ಆರ್18 ಎರಡೂ ಇವೆ ಎನ್ನಿ. ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಗೋಡೆಯ ಎತ್ತರ ಅಗಲದ ಎಷ್ಟು ಪ್ರತಿಶತ ಎಂಬುದು, ಕೊನೆಯದು ಚಕ್ರದ ವ್ಯಾಸ ಇಂಚಿನಲ್ಲಿ. 205ರ 55 ಪ್ರತಿಶತ ಎಂದರೆ ಸುಮಾರು 113 ಮಿ.ಮೀ., 225ರ 40 ಎಂದರೆ 90 ಮಿ.ಮೀ. ಗುಂಡಿಗೂ ಚಕ್ರಕ್ಕೂ ನಡುವೆ ಇದ್ದ ಗಾಳಿಯ ಹಾಸಿಗೆ 23 ಮಿ.ಮೀ. ತೆಳ್ಳಗಾಯಿತು. ನೋಟ ಚೆಂದ, ತಿರುವಿನಲ್ಲಿ ಹಿಡಿತವೂ ಬಿಗಿ. ಆದರೆ ಹೊಡೆತಕ್ಕೆ ಟೈರಿನ ಗೋಡೆ ಉಬ್ಬುವುದು, ರಿಮ್ ಸೊಟ್ಟಗಾಗುವುದು ಇಂಥವುಗಳಲ್ಲೇ ಹೆಚ್ಚು.

ಹಣ ಮಿಗುವುದಾದರೆ ಸನ್‌ರೂಫಿಗಿಂತ ಮೊದಲು ಆರು ಏರ್‌ಬ್ಯಾಗ್, ಗಾಡಿ ಜಾರದಂತೆ ತಡೆಯುವ ಇಎಸ್‌ಸಿ, ಮಗುವಿನ ಸೀಟಿಗೆ ಐಸೊಫಿಕ್ಸ್ ಕೊಂಡಿ, ಹಿಂದಿನ ನಡುವಿನ ಸೀಟಿಗೂ ಸೊಂಟ ಹೆಗಲು ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್ ಇವೆಯೇ ನೋಡಿ. ಈ ಬೆಲ್ಟನ್ನು ವೋಲ್ವೊದ ನಿಲ್ಸ್ ಬೋಲಿನ್ 1959ರಲ್ಲಿ ಕೊಟ್ಟರು, ಕಂಪನಿ ಅದನ್ನು ಬೇರೆ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಕ್ರ್ಯಾಶ್ ಪರೀಕ್ಷೆಯ ಸ್ಟಾರ್ ನೋಡುವಾಗ ಪರೀಕ್ಷಿಸಿದ ವರ್ಷ ಮತ್ತು ವೇರಿಯಂಟ್ ಎರಡನ್ನೂ ಓದಿ. ನಿಯಮ ವರ್ಷದಿಂದ ವರ್ಷಕ್ಕೆ ಬಿಗಿಯಾಗುವುದರಿಂದ ಹತ್ತು ವರ್ಷದ ಹಿಂದಿನ ಐದು ಸ್ಟಾರ್ ಇವತ್ತಿನ ಐದಕ್ಕೆ ಸಮವಲ್ಲ.

ಹೊಸದೋ, ಸೆಕೆಂಡ್ ಹ್ಯಾಂಡೋ

ಹೊಸ ಕಾರಿನ ಬೆಲೆ ಮೊದಲ ಮೂರು ವರ್ಷದಲ್ಲೇ ಅತಿ ವೇಗವಾಗಿ ಇಳಿಯುತ್ತದೆ. ಆಸೆಯ ಹಾಳೆಯಲ್ಲಿರುವ ಮೇಲಿನ ದರ್ಜೆಯ ಗಾಡಿ ಕೈಗೆಟುಕುವುದು ಹೆಚ್ಚಾಗಿ ಹೀಗೆಯೇ. ಆದರೆ ಕೊಳ್ಳುವ ಬೆಲೆ ಇಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಮುಂದಿನ ಹೆಡ್‌ಲ್ಯಾಂಪ್, ನಾಲ್ಕು ಟೈರು, ಬ್ರೇಕ್ ಡಿಸ್ಕ್, ಸಸ್ಪೆನ್ಷನ್ ಇವುಗಳ ಬೆಲೆಯನ್ನು ಮೊದಲೇ ವಿಚಾರಿಸಿ.

ನೋಡಲು ಹೋಗುವ ದಿನ ಎಂಜಿನ್ ತಣ್ಣಗೆ ಇರಲಿ ಎಂದು ಹೇಳಿಟ್ಟು ಹೋಗಿ, ಬಾನೆಟ್ ಮುಟ್ಟಿ ಖಚಿತಪಡಿಸಿಕೊಳ್ಳಿ. ಬಿಸಿ ಎಂಜಿನ್ ಬಹಳ ದೋಷ ಮುಚ್ಚಿಡುತ್ತದೆ. ಟೈರಿನ ಗೋಡೆಯ ಮೇಲಿನ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ. ಐದೂ ಟೈರು, ಸ್ಟೆಪ್ನಿ ಸೇರಿ, ಓಡಿದ ದೂರಕ್ಕೆ ತಾಳೆಯಾಗಬೇಕು. ನೀರಲ್ಲಿ ಮುಳುಗಿದ ಗಾಡಿಯನ್ನು ಹೊರಗೆ ತೊಳೆದು ಹೊಳಪು ಮಾಡಬಹುದು, ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಸುರುಳಿಯ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಯ ತುಕ್ಕು, ಕಾರ್ಪೆಟ್ ಎತ್ತಿದಾಗಿನ ಮುಗ್ಗಲು ವಾಸನೆಯೂ ಅದನ್ನೇ ಹೇಳುತ್ತವೆ. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಚ್ಚಿ ನೋಡಿದಾಗ ಒಂದೂ ದೋಷ ಇಲ್ಲವೆಂದು ಸಮಾಧಾನಪಡಬೇಡಿ. ಸ್ವಯಂ ಪರೀಕ್ಷೆಗಳು ಪೂರ್ತಿಯಾಗಿಲ್ಲ ಎಂದು ತೋರಿಸುತ್ತಿದ್ದರೆ ಯಾರೋ ಇತ್ತೀಚೆಗೆ ದೋಷ ಅಳಿಸಿರಬಹುದು, ಬ್ಯಾಟರಿ ತೆಗೆದಿದ್ದರೂ ಹಾಗೆ ಆಗುತ್ತದೆ. ಇನ್ನಷ್ಟು ದಿನ ಓಡಿಸಿದ ಮೇಲೆ ಮತ್ತೆ ನೋಡುವೆ ಎನ್ನಿ. ವಾಲ್ವ್ ಮತ್ತು ಪಿಸ್ಟನ್ ತಾಳ ತಪ್ಪದಂತೆ ಓಡಿಸುವ ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಬದಲಿಸಿದ ರಶೀದಿ ಕೇಳಿ. ಅದು ತುಂಡಾದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ರಶೀದಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಹಿಡಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಓಡಿಸಿ ನೋಡುವಾಗ

ಮಾರುವವರು ತೋರಿಸುವ ನುಣ್ಣನೆಯ ರಸ್ತೆಯ ಹತ್ತು ನಿಮಿಷ ಸಾಲದು. ನೀವು ದಿನಾ ಹೋಗುವ ದಾರಿ, ನೀವು ನಿಲ್ಲಿಸುವ ಇಕ್ಕಟ್ಟಿನ ಜಾಗ, ಒಂದು ಕಡಿದಾದ ಏರು ಬೇಕು. ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ಗಾಡಿ ಎಷ್ಟು ಹಿಂದೆ ಜಾರಿತು ಗಮನಿಸಿ. ಹಾಡು ಆಫ್ ಮಾಡಿ. ಕಣ್ಣು ರಸ್ತೆಯಿಂದ ತೆಗೆಯದೆ ಎಸಿ ಕಡಿಮೆ ಮಾಡಲು ಬರುತ್ತದೆಯೇ ನೋಡಿ. ಬಟನ್ ಇದ್ದರೆ ಬೆರಳಿಗೆ ತಾನೇ ಸಿಗುತ್ತದೆ, ಎಲ್ಲವೂ ಪರದೆಯೊಳಗೆ ಇದ್ದರೆ ನೋಡಲೇಬೇಕು. ನಿಮ್ಮ ಸೀಟನ್ನು ನಿಮಗೆ ಬೇಕಾದಂತೆ ಹೊಂದಿಸಿ, ಇಳಿದು, ಅದರ ಹಿಂದೆ ನೀವೇ ಕೂತು ಮಂಡಿಗೆ ಜಾಗ ನೋಡಿ. ಅರ್ಧ ಗಂಟೆ ಓಡಿಸಿದ ಮೇಲೆ ಸೊಂಟ ಏನು ಹೇಳುತ್ತದೆ ಎನ್ನುವುದು ಮೊದಲ ಐದು ನಿಮಿಷದ ಮೆತ್ತನೆಗಿಂತ ನಂಬಲು ಯೋಗ್ಯ. ಮೆದು ಸೀಟು ಹಲವರಿಗೆ ಮೊದಲು ಹಿಡಿಸಿ ಆಮೇಲೆ ನೋಯುತ್ತದೆ.

ಎರಡೇ ಕಾರು ಉಳಿದಾಗ ಒಂದೇ ದಿನ, ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದನ್ನು ಓಡಿಸಿ. ವಾರದ ಅಂತರವಿದ್ದರೆ ಮನಸ್ಸು ಮೊದಲನೆಯದನ್ನು ತನಗೆ ಬೇಕಾದಂತೆ ತಿದ್ದಿಕೊಂಡಿರುತ್ತದೆ. ಸಾಧ್ಯವಾದರೆ ಇನ್ನೊಂದು ಸುತ್ತನ್ನು ಕತ್ತಲಾದ ಮೇಲೆ ಇಟ್ಟುಕೊಳ್ಳಿ. ಹೆಡ್‌ಲ್ಯಾಂಪ್ ಬೆಳಕು ರಸ್ತೆಯ ಅಂಚಿಗೆ ತಲುಪುತ್ತದೆಯೇ, ಡ್ಯಾಷ್‌ಬೋರ್ಡಿನ ಪರದೆ ಮುಂದಿನ ಗಾಜಿನಲ್ಲಿ ಪ್ರತಿಬಿಂಬಿಸಿ ಕಣ್ಣು ಕುಕ್ಕುತ್ತದೆಯೇ, ಮುಂದಿನ ದಪ್ಪ ಕಂಬದ ಹಿಂದೆ ನಡೆದು ದಾಟುವವರು ಮರೆಯಾಗುತ್ತಾರೆಯೇ ಎಂಬುದು ಷೋರೂಮಿನ ಝಗಮಗದಲ್ಲಿ ಕಾಣಿಸುವುದೇ ಇಲ್ಲ.